ಮುನ್ನೂರ ಹನ್ನೆರಡು ಪೋಸ್ಟರುಗಳ ಕೆಳಗೆ

ನಮ್ಮೂರಿನ ಪಶ್ಚಿಮಕ್ಕೆ ಏನಿದೆ ಎಂದು ಪರಸ್ಥಳದವರು ಕೇಳಿದರೆ, ಯಾವ ತಿಂಗಳಲ್ಲಿ ಎಂದು ನಾವು ತಿರುಗಿ ಕೇಳುತ್ತಿದ್ದೆವು. ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರ್ಮಿನ ಗೋಡೆಗೆ ಯಾವ ಪೋಸ್ಟರು ಹಚ್ಚಿರುತ್ತದೋ ಹಳಿಗಳ ಆಚೆ ಅದೇ ಇರುತ್ತಿತ್ತು. ಹಿಮದ ಬೆಟ್ಟ ಹಚ್ಚಿದರೆ ಹಿಮದ ಬೆಟ್ಟ, ಜಲಪಾತ ಹಚ್ಚಿದರೆ ಜಲಪಾತ. ಪ್ರತಿ ತಿಂಗಳ ಒಂದನೇ ತಾರೀಕು ಬೆಳಗಿನ ಪ್ಯಾಸೆಂಜರಿನಲ್ಲಿ ಉದ್ದನೆಯ ತಗಡಿನ ಕೊಳವೆಯೊಳಗೆ ಸುತ್ತಿಟ್ಟ ಹೊಸ ಪೋಸ್ಟರು ಬರುತ್ತಿತ್ತು. ನಾಲ್ಕು ಹಾಳೆ ಸೇರಿ ಒಂದು ಪೋಸ್ಟರು, ನಿಲ್ಲಿಸಿದರೆ ಎರಡಾಳು ಎತ್ತರ. ಹತ್ತು ಗಂಟೆಯೊಳಗೆ ಅದನ್ನು ಹಳೆಯದರ ಮೇಲೆ ಹಚ್ಚುವುದು ನನ್ನ ಕೆಲಸ. ನನ್ನ ಹೆಸರು ರುದ್ರಪ್ಪ. ಬರೀ ರುದ್ರಪ್ಪ ಎಂದರೆ ಯಾರಿಗೂ ಗೊತ್ತಾಗದು, ಅಂಟು ರುದ್ರಪ್ಪ ಎಂದರೆ ಮಕ್ಕಳೂ ಮನೆ ತೋರಿಸುತ್ತವೆ.

ರೈಲು ಕಂಪನಿಯವರು ಪೋಸ್ಟರು ಕಳಿಸುತ್ತಿದ್ದುದು ಜನ ಅದನ್ನು ನೋಡಿ ಆಸೆಪಟ್ಟು, ಟಿಕೀಟು ತೆಗೆಸಿ, ಆ ಊರುಗಳಿಗೆ ಹೋಗಲಿ ಎಂದು. ನಮ್ಮ ಜನ ಯಾಕೆ ಹೋಗುತ್ತಾರೆ? ಬೆಟ್ಟವೇ ಮನೆಮುಂದೆ ಬಂದು ನಿಂತಿರುವಾಗ ಬುತ್ತಿ ಕಟ್ಟಿಕೊಂಡು ಬೆಟ್ಟ ನೋಡಲು ಹೋಗುವ ಹುಚ್ಚರು ನಮ್ಮಲ್ಲಿ ಇರಲಿಲ್ಲ. ನಮ್ಮವರು ರೈಲು ಹತ್ತುತ್ತಿದ್ದುದು ಮದುವೆಗೆ, ಮಣ್ಣಿಗೆ, ಕೋರ್ಟಿಗೆ ಮಾತ್ರ.

ತಿಂಗಳಿಗೆ ತಕ್ಕ ಹಾಗೆ ನಾವು ಬದುಕು ಹೊಂದಿಸಿಕೊಂಡಿದ್ದೆವು. ಹಿಮದ ಬೆಟ್ಟದ ತಿಂಗಳಲ್ಲಿ ಕೊಬ್ಬರಿ ಎಣ್ಣೆ ಸೀಸೆಯೊಳಗೇ ಗಟ್ಟಿಯಾಗುತ್ತಿತ್ತು. ಶಾಲೆಗೆ ಹೋಗುವ ಹುಡುಗಿಯರು ಸೀಸೆಯನ್ನು ಒಲೆಯ ಪಕ್ಕ ಇಟ್ಟು ತಲೆ ಬಿಚ್ಚಿಕೊಂಡು ಕಾಯುತ್ತಿದ್ದರು. ಮರಳುಗಾಡು ಬಂತೆಂದರೆ ನಮ್ಮ ಓಣಿಯ ಫಕ್ಕೀರವ್ವ ಮತ್ತವಳ ಪಡೆ ಊರಿನ ಮಾಳಿಗೆಗಳನ್ನೆಲ್ಲ ಹಿಡಿದುಬಿಡುತ್ತಿತ್ತು. ವರ್ಷಕ್ಕಾಗುವಷ್ಟು ಸಂಡಿಗೆ, ಹಪ್ಪಳ, ಒಣಮೆಣಸಿನಕಾಯಿ ಆ ಬಿಸಿಗಾಳಿಗೆ ನಾಲ್ಕೇ ದಿನಕ್ಕೆ ಗರಿಗರಿ ಒಣಗುತ್ತಿದ್ದವು. ಜಲಪಾತದ ತಿಂಗಳು ಬಟ್ಟೆ ಒಣಗುತ್ತಿರಲಿಲ್ಲ, ಮಾತು ಕೇಳುತ್ತಿರಲಿಲ್ಲ. ಗಂಡಹೆಂಡಿರು ಕೂಗಿ ಕೂಗಿ ಮಾತಾಡುತ್ತ ಅದೇ ರೂಢಿಯಾಗಿ, ಪೋಸ್ಟರು ಬದಲಾದ ಮೇಲೂ ಒಂದು ವಾರ ಊರೆಲ್ಲ ಜಗಳವಾಡುತ್ತಿರುವಂತೆ ಕೇಳಿಸುತ್ತಿತ್ತು. ಕಮರಿಯ ತಿಂಗಳು ತರಕಾರಿಯವಳಿಗೆ ಆರಾಮ. ಒಂದು ಸಲ ಮೆಂತ್ಯಸೊಪ್ಪು ಎಂದರೆ ಸಾಕು, ಉಳಿದ ಐದು ಸಲ ಕಮರಿಯೇ ಕೂಗುತ್ತಿತ್ತು.

ಪೋಸ್ಟರಿನ ಅಡಿಯಲ್ಲಿ ದಪ್ಪ ಅಕ್ಷರಗಳಲ್ಲಿ ಜಾಗದ ಹೆಸರು ಇರುತ್ತದಲ್ಲ, ಅದೂ ಬರುತ್ತಿತ್ತು. ಹಳಿ ದಾಟಿದ ಕೂಡಲೇ ಸಿಗುವ ಇಮಾಮಸಾಬನ ಹೊಲದಲ್ಲಿ ಆ ಅಕ್ಷರಗಳು ಮನೆಯಷ್ಟೆತ್ತರ ನಿಂತುಕೊಳ್ಳುತ್ತಿದ್ದವು. ಅವನೇನೂ ತಲೆ ಕೆಡಿಸಿಕೊಂಡವನಲ್ಲ. ಒಳ್ಳೆಯ ನೆರಳು ಬೀಳುವ ಅಕ್ಷರ ಯಾವುದೆಂದು ನೋಡಿ ಅದರ ಕಾಲಿಗೆ ಎಮ್ಮೆ ಕಟ್ಟುತ್ತಿದ್ದ.

ಇಂಥ ಊರಿಗೆ ಹೊನ್ನವ್ವ ಮದುವೆಯಾಗಿ ಬಂದದ್ದು ಇಪ್ಪತ್ತಾರು ವರ್ಷದ ಹಿಂದೆ. ಬಂದದ್ದಲ್ಲ, ನಾವು ತಂದದ್ದು, ಅದೂ ಮೋಸದಿಂದ. ಈಗ ಹೇಳಿಬಿಡುತ್ತೇನೆ, ಮುಚ್ಚಿಡುವ ವಯಸ್ಸು ದಾಟಿದೆ. ಅವಳ ಅಪ್ಪ ಸಮುದ್ರದ ಸೀಮೆಯಲ್ಲಿ ಉಪ್ಪಿನಾಗರದ ಮೇಸ್ತ್ರಿ. ಹುಟ್ಟಿದಾಗಿನಿಂದ ನೀರಿನ ಸದ್ದು ಕೇಳಿಕೊಂಡು ಮಲಗಿದ ಹುಡುಗಿ, ಸಮುದ್ರ ಕಾಣದ ಊರಿಗೆ ಮಾತ್ರ ಕೊಡಬೇಡಿ, ಬೇರೆ ಎಂಥ ಮನೆಯಾದರೂ ಚಿಂತೆಯಿಲ್ಲ ಎಂದು ಅಪ್ಪನಿಗೆ ಹೇಳಿದ್ದಳಂತೆ. ಈ ಸುದ್ದಿ ನನ್ನ ಅವ್ವನ ಕಿವಿಗೆ ಬಿತ್ತು. ಆ ತಿಂಗಳು ನಮ್ಮ ಗೋಡೆಯ ಮೇಲೆ ಸಮುದ್ರವೇ ಇತ್ತು. ಅವ್ವ ತಡಮಾಡದೆ, ಹನ್ನೆರಡನೇ ತಾರೀಕಿಗೆ ಮನೆ ನೋಡಲು ಬನ್ನಿ, ಹುಡುಗಿಯನ್ನೂ ಕರೆತನ್ನಿ ಎಂದು ಹೇಳಿಕಳಿಸಿದಳು.

ಹುಡುಗಿ ಬಂದಳು. ಪಡಸಾಲೆಯ ಕಿಟಕಿಯಿಂದ ಹೊರಗೆ ನೋಡಿದಳು. ಹಳಿಗಳ ಆಚೆ ನೀಲಿ ನೀರು, ಬಿಳಿ ನೊರೆ, ಉಪ್ಪು ಗಾಳಿ. ಅವಳ ಮುಖ ಅರಳಿದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಅವಲಕ್ಕಿ ತಂದುಕೊಟ್ಟ ಫಕ್ಕೀರವ್ವ, "ದಿನಾ ಇದನ್ನ ನೋಡ್ಕೋಂತ ಅಡಿಗಿ ಮಾಡ್ಬಹುದು ನೋಡವ್ವಾ" ಎಂದು ಒಂದು ಮಾತು ಬೇರೆ ಸೇರಿಸಿದಳು. ಓಣಿಯವರೆಲ್ಲ ಅಲ್ಲಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ನಾನಾದರೂ ಹೇಳಬಹುದಿತ್ತು. ಆ ಮುಖ ನೋಡಿದ ಮೇಲೆ ನನಗೆ ನಾಲಿಗೆ ಏಳಲಿಲ್ಲ. ಅವಳು ಬೇಕು ಅನ್ನಿಸಿತ್ತು, ಅಷ್ಟೇ.

ಇಪ್ಪತ್ತಾರಕ್ಕೆ ಲಗ್ನವಾಯಿತು, ಇಪ್ಪತ್ತೆಂಟಕ್ಕೆ ಮನೆ ತುಂಬಿಸಿಕೊಂಡೆವು. ಮೂರು ದಿನ ಅವಳು ಕಿಟಕಿ ಬಿಟ್ಟು ಏಳಲಿಲ್ಲ. ಒಂದನೇ ತಾರೀಕು ಬೆಳಿಗ್ಗೆ ನಾನೇ ಹೋಗಿ, ನನ್ನ ಕೈಯಾರೆ, ಸಮುದ್ರದ ಮೇಲೆ ಹಿಮದ ಬೆಟ್ಟ ಹಚ್ಚಿ ಬಂದೆ. ಮನೆಗೆ ಬಂದಾಗ ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಸಮುದ್ರ ಎಲ್ಲಿ ಎಂದು ಕೇಳಿದಳು. ತಿಂಗಳು ಮುಗಿಯಿತು ಎಂದೆ. ಅವಳು ಕಿಟಕಿ ಮುಚ್ಚಿದಳು. ಹನ್ನೊಂದು ದಿನ ನನ್ನೊಡನೆ ಮಾತಿಲ್ಲ. ಆ ತಿಂಗಳು ಪೂರ್ತಿ ಕಿಟಕಿ ತೆರೆಯಲಿಲ್ಲ. ಹನ್ನೆರಡನೇ ದಿನ ನಾನು ಒಲೆಯ ಮುಂದೆ ಕೂತು ಅಂಟು ಕುದಿಸುತ್ತಿದ್ದಾಗ ಬಂದು, ಗಂಟು ಕಟ್ಟುತ್ತಿದೆ ಎಂದು ಹೇಳಿ, ಸೌಟು ಕಸಿದುಕೊಂಡಳು. ಅಂದಿನಿಂದ ಅಂಟು ಮಾಡುವುದು ಅವಳದೇ ಕೆಲಸವಾಯಿತು. ಮೈದಾಹಿಟ್ಟು, ನೀರು, ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ. ಅವಳು ಮಾಡಿದ ಅಂಟಿನಲ್ಲಿ ಒಂದು ಗಂಟು ತೋರಿಸಿದವರಿಲ್ಲ.

ಪ್ರತಿ ಒಂದನೇ ತಾರೀಕು ಅವಳು ಅಂಟಿನ ಡಬ್ಬಿ ಹಿಡಿದು ನನ್ನ ಜೊತೆ ಸ್ಟೇಷನ್ನಿಗೆ ಬರುತ್ತಿದ್ದಳು. ಮೊದಲ ಹಾಳೆ ಬಿಚ್ಚುವ ತನಕ ನಿಂತಿದ್ದು, ಏನೆಂದು ನೋಡಿ, "ಹಂಗಾರ ನಾ ಬರ್ತೀನ್ರಿ" ಎಂದು ಹೊರಟುಬಿಡುತ್ತಿದ್ದಳು. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಕಂಪನಿಯವರು ಇಪ್ಪತ್ತಾರು ವರ್ಷದಲ್ಲಿ ಕೋಟೆ ಕಳಿಸಿದರು, ಸೇತುವೆ ಕಳಿಸಿದರು, ಚಹಾ ತೋಟ ಕಳಿಸಿದರು, ಸಮುದ್ರ ಮಾತ್ರ ಮತ್ತೆ ಕಳಿಸಲಿಲ್ಲ. ಅವಳಿಗೆ ತಿಳಿಯದಂತೆ ನಾಲ್ಕು ಸಲ ಅರ್ಜಿ ಬರೆದೆ. ನಾಲ್ಕು ಸಲವೂ ತಮ್ಮ ಸಲಹೆಗೆ ವಂದನೆಗಳು ಎಂಬ ಅಚ್ಚಿನ ಕಾರ್ಡು ಬಂತು. ನಾವು ಚೆನ್ನಾಗಿಯೇ ಬಾಳಿದೆವು. ಮಗಳು ಕಾಶಿ ಹುಟ್ಟಿದಳು, ಬೆಳೆದಳು, ಪಕ್ಕದ ಊರಿಗೆ ಮದುವೆಯಾಗಿ ಹೋದಳು. ನಗುವ ಕಡೆ ನಕ್ಕೆವು. ಆದರೂ ಪ್ರತಿ ಒಂದನೇ ತಾರೀಕು ಬೆಳಿಗ್ಗೆ ನನ್ನ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು.

ಈ ಸಲ ತಗಡಿನ ಕೊಳವೆ ಇಪ್ಪತ್ತೆರಡನೇ ತಾರೀಕಿಗೇ ಬಂತು. ಜೊತೆಗೊಂದು ಸುತ್ತೋಲೆ. ಸ್ಟೇಷನ್ ಮಾಸ್ತರ ವಾದಿರಾಜರು ಕನ್ನಡಕ ಏರಿಸಿ ಎರಡು ಸಲ ಓದಿ, ನನ್ನನ್ನು ಒಳಗೆ ಕರೆದು ಕೂರಿಸಿದರು. ಅವರು ಯಾರನ್ನಾದರೂ ಕೂರಿಸಿದರೆ ಸುದ್ದಿ ಒಳ್ಳೆಯದಲ್ಲ ಎಂದೇ ಅರ್ಥ.

"ರುದ್ರಪ್ಪ, ಕಂಪನಿಯವರು ಇನ್ನ ಮುಂದ ಪೋಸ್ಟರು ಅಚ್ಚು ಹಾಕಸೂದಿಲ್ಲಂತ. ಇದೇ ಕಡೀದು. ಒಂದನೇ ತಾರೀಕು ಮುಂಜಾನೆ ಅವರ ಮಂದಿ ಬಂದು ಗ್ವಾಡಿಗೆ ಗಾಜಿನ ಚೌಕಟ್ಟು ಕೂಡಿಸಿ ಕೀಲಿ ಹಾಕಿ ಹೋಗತಾರ. ಆವತ್ತು ಗ್ವಾಡಿ ಮ್ಯಾಲೆ ಏನಿರತದೋ ಅದೇ ಕಾಯಂ."

"ಇದರಾಗ ಏನೈತ್ರಿ ಮಾಸ್ತರ?" ಎಂದು ಕೊಳವೆ ತೋರಿಸಿದೆ. ಇಬ್ಬರೂ ಸೇರಿ ಹಾಳೆಗಳನ್ನು ನೆಲದ ಮೇಲೆ ಬಿಡಿಸಿ ಹಾಸಿದೆವು. ಬೆಟ್ಟವಲ್ಲ, ನೀರಲ್ಲ, ಕಾಡಲ್ಲ. ಕಂಪನಿಯವರು ಎಲ್ಲೋ ಹೊಸದಾಗಿ ಕಟ್ಟಿಸಿದ ಒಂದು ಸ್ಟೇಷನ್ನಿನ ಚಿತ್ರ. ಉದ್ದನೆಯ ಬೂದು ಗೋಡೆ, ಸಾಲಾಗಿ ಕಕ್ಕಸಿನ ಬಾಗಿಲು, ವಾಹನ ನಿಲ್ಲಿಸುವ ಜಾಗ. ಒಂದು ಮರವೂ ಇಲ್ಲ.

ಸಂಜೆಯೊಳಗೆ ಊರಿಗೆ ಊರೇ ಪ್ಲಾಟ್‌ಫಾರ್ಮಿನಲ್ಲಿ ಸೇರಿತು. ಸಾಯುವ ತನಕ ಕಣ್ಣೆದುರು ಇನ್ನೊಂದು ಸ್ಟೇಷನ್ನಿನ ಬೆನ್ನು ನೋಡುತ್ತ ಕೂರುವುದೇ ಎಂದು ಎಲ್ಲರಿಗೂ ದಿಗಿಲು. ಫಕ್ಕೀರವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಅದರ ಗಾಳಿ ಹೆಂಗ ಬಂದೀತು ಅನ್ನೂದು ಯಾರರೆ ವಿಚಾರ ಮಾಡೀರೇನು? ಆ ಸಾಲ ಕಕ್ಕಸ ನೋಡ್ರಿ. ಅದರ ಗಾಳಿಗೆ ನಾ ಸಂಡಿಗಿ ಹಾಕ್ಲೇನು?"

"ಹೊಸಾದು ಹಚ್ಚೂದ ಬ್ಯಾಡ," ಎಂದ ಇಮಾಮಸಾಬ. "ಕೆಳಗ ಹಳೇವು ಅದಾವಲ್ಲ. ಬೇಕಾದದ್ದು ಸಿಗೂ ತನಕ ಮ್ಯಾಲಿನವು ತಗದ್ರಾತು."

ಪೋಸ್ಟರು ಕೀಳುವುದು ನಮ್ಮಲ್ಲಿ ಕೂಡದ ಕೆಲಸ. ಹಚ್ಚುವುದೇ ಹೊರತು ತೆಗೆಯುವುದಿಲ್ಲ. ನನ್ನ ಅಪ್ಪನ ಕಾಲದಲ್ಲಿ ಒಂದು ಕೋಟೆಯ ಮೂಲೆ ಕೆಳಗಿನ ಪದರಗಳ ಸಮೇತ ಗೋಡೆಯ ತನಕ ಹರಿದು, ಹಳಿಗಳ ಆಚೆಯ ಕೋಟೆಗೂ ಆ ಜಾಗದಲ್ಲಿ ಬಿಳಿ ಸುಣ್ಣದ ಬಯಲು ಕಾಣಿಸಿಕೊಂಡು, ಹದಿನೈದು ದಿನ ಜನ ಆ ಕಡೆ ನೋಡಲಾರದೆ ತಲೆ ತಗ್ಗಿಸಿ ಓಡಾಡಿದ್ದರು. ಕಿತ್ತದ್ದು ಮತ್ತೆ ಬರುವುದೂ ಇಲ್ಲ. ಇದೆಲ್ಲ ಗೊತ್ತಿದ್ದೂ ಜನ ಒಪ್ಪಿದರು. ಮಾಸ್ತರರು ಸುತ್ತೋಲೆಯನ್ನು ಮೂರನೇ ಸಲ ಓದಿ, "ಗ್ವಾಡಿ ಮುಟ್ಟಬಾರದು ಅಂದದ್ದು ಒಂದನೇ ತಾರೀಕಿನಿಂದ. ಅಲ್ಲಿ ತನಕ ಗ್ವಾಡಿ ರುದ್ರಪ್ಪಂದು" ಎಂದರು. ಒಳ್ಳೆಯ ಮನುಷ್ಯ.

ಇನ್ನು ಯಾವುದನ್ನು ಉಳಿಸಿಕೊಳ್ಳುವುದು ಎಂಬ ಮಾತು ಬಂತು ನೋಡಿ, ಜಗಳ ಹತ್ತಿತು. ಕಂಬಳಿ ಮಾರುವವರಿಗೆ ಹಿಮ ಬೇಕು. ಸಂಡಿಗೆಯವರಿಗೆ ಮರಳುಗಾಡು ಬೇಕು. ತರಕಾರಿಯವಳಿಗೆ ಕಮರಿ. ನಾನು ಗೋಡೆಗೆ ಆತುಕೊಂಡು ಸುಮ್ಮನೆ ನಿಂತಿದ್ದೆ. ಬೇಕಾದದ್ದನ್ನು ಬಾಯಿಬಿಟ್ಟು ಕೇಳುವ ಮುಖ ನನಗಿರಲಿಲ್ಲ. ಹೊನ್ನವ್ವ ಹಿಂದೆ, ಪಾರ್ಸೆಲ್ ಗಾಡಿಯ ಮೇಲೆ ಕೂತು ತನಗೂ ಈ ಮಾತಿಗೂ ಸಂಬಂಧವೇ ಇಲ್ಲವೆಂಬಂತೆ ಸೆರಗಿನ ದಾರ ಕೀಳುತ್ತಿದ್ದಳು.

ಗದ್ದಲ ಕೇಳಿ ಕೇಳಿ ಫಕ್ಕೀರವ್ವನಿಗೇ ಸಾಕಾಯಿತೋ ಏನೋ. ಕೈಯೆತ್ತಿ, "ಸುಮ್ಕಾಗ್ರಿ" ಎಂದಳು.

"ಇಪ್ಪತ್ತಾರು ವರ್ಸದ ಹಿಂದ ಒಂದು ಹುಡಿಗಿ ನಮ್ಮೂರಿಗೆ ಬಂದ್ಲು. ನಾವೆಲ್ಲಾ ಕೂಡಿ ಆಕಿಗೆ ಸಮುದ್ರ ತೋರ್ಸಿದ್ವಿ. ನಾನs ಅವಲಕ್ಕಿ ಕೊಟ್ಟು ಸುಳ್ಳು ಹೇಳೀನಿ. ಆಕಿ ಇಷ್ಟು ವರ್ಸದಾಗ ಒಬ್ಬರಿಗೂ ಒಂದು ಮಾತು ಅಂದಿಲ್ಲ. ಅಂದಿದ್ರ ನಂಗ ಹಗರಾಗತಿತ್ತು. ನನ್ನ ಸಂಡಿಗಿ ಹೆಂಗರೆ ಒಣಗ್ತಾವ. ಆ ಸಮುದ್ರ ಆಕಿಗೆ ಕೊಡ್ರಿ."

ಯಾರೂ ಎದುರಾಡಲಿಲ್ಲ. ಎಲ್ಲರ ಕಣ್ಣು ಪಾರ್ಸೆಲ್ ಗಾಡಿಯ ಕಡೆ ಹೊರಳಿತು. ಹೊನ್ನವ್ವ ಎದ್ದು ಸೆರಗು ಕೊಡವಿಕೊಂಡು, "ಒಲೀ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ" ಎಂದು ಹೋಗಿಬಿಟ್ಟಳು. ಒಂಬತ್ತು ದಿನದಲ್ಲಿ ಹೇಗಾದರೂ ಮಾಡಿ ಆ ಸಮುದ್ರವನ್ನು ಹೊರತೆಗೆಯುತ್ತೇನೆಂದು ಅಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡೆ.

ತಿಂಗಳಿಗೊಂದರಂತೆ ಇಪ್ಪತ್ತಾರು ವರ್ಷ ಎಂದರೆ ಮುನ್ನೂರ ಹನ್ನೆರಡು ಪೋಸ್ಟರು. ನಾಲ್ಕು ಬೆರಳು ದಪ್ಪ. ದಿನಕ್ಕೆ ಮೂವತ್ತೈದರಂತೆ ತೆಗೆದರೆ ಮುಗಿಯುತ್ತದೆ; ಆದರೆ ಒಂದೊಂದಾಗಿಯೇ ತೆಗೆಯಬೇಕು, ಎರಡು ಸೇರಿ ಬಂದರೆ ಹರಿಯುತ್ತದೆ. ಇಪ್ಪತ್ತಮೂರರ ಬೆಳಿಗ್ಗೆ ಕೆಲಸ ಹಿಡಿದೆ. ಗೋಣಿಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಗೋಡೆಗೆ ಒತ್ತಿ ಹಿಡಿಯುವುದು. ಅಂಟು ಮೆತ್ತಗಾದ ಮೇಲೆ ಕೆಳಗಿನ ಅಂಚಿನಿಂದ ದೋಸೆ ಸಟ್ಟುಗ ತೂರಿಸಿ ಮೆಲ್ಲಗೆ ಮೇಲಕ್ಕೆ ಸುಲಿಯುವುದು. ಸಟ್ಟುಗ ಹೊನ್ನವ್ವನದೇ. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಒಂಬತ್ತು ದಿನ ನಮ್ಮ ಮನೆಯಲ್ಲಿ ದೋಸೆ ಆಗಲಿಲ್ಲ.

ಮೊದಲ ದಿನ ಊರಿಗೆ ಒಳ್ಳೆಯ ಪಜೀತಿ. ಕಾಲು ಗಂಟೆಗೊಮ್ಮೆ ಹಳಿಗಳ ಆಚೆ ಬೇರೆಯೇ ಲೋಕ. ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತಿತ್ತು, ಕರಗುತ್ತಿತ್ತು, ಮತ್ತೆ ಗಟ್ಟಿಯಾಗುತ್ತಿತ್ತು. ಜನ ಕಂಬಳಿ ಹೊದ್ದು, ತೆಗೆದು, ಮತ್ತೆ ಹೊದ್ದು ಬೇಸತ್ತು ಕೊನೆಗೆ ಹೆಗಲ ಮೇಲೆ ಹಾಕಿಕೊಂಡೇ ತಿರುಗಿದರು. ಇಮಾಮಸಾಬನ ಎಮ್ಮೆ ಕಟ್ಟಿದ ಅಕ್ಷರ ಪದೇ ಪದೇ ಮಾಯವಾಗಿ, ಎಮ್ಮೆ ಹಗ್ಗ ಎಳೆದುಕೊಂಡು ಊರೊಳಗೆ ಬಂದು ಪೋಸ್ಟಾಫೀಸಿನ ಮುಂದೆ ನಿಂತುಕೊಂಡಿತು.

ಎರಡನೇ ದಿನಕ್ಕೆ ಜನ ಚಾಪೆ ತಂದು ಪ್ಲಾಟ್‌ಫಾರ್ಮಿನಲ್ಲಿ ಕೂತರು. ಯಾಕೆಂದರೆ ಅವರಿಗೊಂದು ವಿಷಯ ಹೊಳೆದಿತ್ತು. ನಾನು ಸುಲಿಯುತ್ತಿದ್ದುದು ಬರೀ ಕಾಗದವಾಗಿರಲಿಲ್ಲ. ಊರಿನ ದಿನಗಳು ಒಂದೊಂದಾಗಿ ಹಿಂದಕ್ಕೆ ಬರುತ್ತಿದ್ದವು. "ಅಕಾ, ಆ ಸೇತುವಿ! ನಮ್ಮ ಹುಡುಗ ಮೆಟ್ರಿಕ್ ಪಾಸಾದ ತಿಂಗಳು ಅದು" ಎಂದು ಒಬ್ಬ ಕೂಗುವನು. ಇನ್ನೊಬ್ಬಳು, "ಆ ಚಹಾ ತ್ವಾಟ ಬಂದಾಗ ನಾ ಬಸುರಿ ಇದ್ದೆ, ಆ ಹಸರ ನೋಡಿದ್ರ ವಾಂತಿ ಬರ್ತಿತ್ತು" ಎಂದು ನಗುವಳು. ಜನ ತಮ್ಮ ತಿಂಗಳು ಬರುವ ಹೊತ್ತನ್ನು ಲೆಕ್ಕ ಹಾಕಿ, ತಲೆ ಬಾಚಿ, ಒಗೆದ ಬಟ್ಟೆ ಉಟ್ಟು ಬರತೊಡಗಿದರು. ಬಂದು, ಕಾಲು ಗಂಟೆ ನೋಡಿ, ಆಯಿತು ತೆಗಿ ರುದ್ರಪ್ಪ ಎನ್ನುವರು. ತೆಗೆದ ಮೇಲೆ ಅದು ಇನ್ನೆಂದೂ ಬಾರದೆಂದು ಅವರಿಗೆ ಗೊತ್ತಿತ್ತು. ಆದರೂ ಒಬ್ಬರೂ ಇದನ್ನು ಉಳಿಸು ಎನ್ನಲಿಲ್ಲ.

ಐದನೇ ದಿನ ಒಂದು ಕಮರಿ ಬಂತು. ಫಕ್ಕೀರವ್ವ ಚಾಪೆಯಿಂದ ಎದ್ದು ಪ್ಲಾಟ್‌ಫಾರ್ಮಿನ ಅಂಚಿಗೆ ಹೋದಳು. ಅವಳ ಗಂಡ ತೀರಿಕೊಂಡದ್ದು ಆ ತಿಂಗಳಲ್ಲಿ. ಹೆಂಗಸರು ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಬದುಕಿದ್ದಾಗ ಅವಳೂ ಹೇಳಿರಲಿಲ್ಲ. ಈಗ ಎರಡೂ ಕೈ ಬಾಯಿಗೆ ಹಿಡಿದು, "ಬಸಲಿಂಗಾ" ಎಂದು ಜೋರಾಗಿ ಕೂಗಿದಳು. ಕಮರಿ ಐದು ಸಲ ಅದನ್ನು ತಿರುಗಿ ಕೊಟ್ಟಿತು, ಒಂದೊಂದು ಸಲವೂ ಹಿಂದಿನದಕ್ಕಿಂತ ಮೆಲ್ಲಗೆ. ಸದ್ದು ಪೂರ್ತಿ ನಿಲ್ಲುವ ತನಕ ಕೇಳಿ, ಮೂಗು ಒರೆಸಿಕೊಂಡು, "ಹೂಂ, ಇನ್ನ ತಗಿ" ಎಂದಳು. ಆ ಹಾಳೆ ಸುಲಿಯುವಾಗ ನನ್ನ ಕೈ ಬಹಳ ನಿಧಾನವಾಯಿತು.

ಹೊನ್ನವ್ವ ಮಾತ್ರ ಈ ಕಡೆ ಸುಳಿಯಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ಓಣಿಯವರ ಕೈಯಲ್ಲಿ ಕಳಿಸುತ್ತಿದ್ದಳು. ಏಳನೇ ದಿನ ಕಾಶಿ ಹುಟ್ಟಿದ ತಿಂಗಳ ಜಲಪಾತ ಬಂದಾಗಲಾದರೂ ಬರುತ್ತಾಳೆಂದು ಕಾದೆ. ಪಕ್ಕದ ಊರಿನಿಂದ ಕಾಶಿಯೇ ಬಂದು ನೋಡಿ ಹೋದಳು, ಅವಳವ್ವ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಎಷ್ಟು ಉಳದಾವ?" ಎಂದು ಕೇಳಿದಳು. ಅರವತ್ತೇಳು ಎಂದೆ. ಅನ್ನ ಬಡಿಸಿದಳು.

ಎಂಟನೇ ದಿನ ಇಳಿಹೊತ್ತಿನಲ್ಲಿ, ಇನ್ನು ಮೂವತ್ತು ಚಿಲ್ಲರೆ ಉಳಿದಿರುವಾಗ, ಗೋಣಿ ಹಿಂಡುತ್ತಿದ್ದ ನನಗೆ ಒಮ್ಮೆಲೇ ಅದು ನೆನಪಾಯಿತು.

ಸಮುದ್ರದ ಮೇಲೆ ಹಚ್ಚಿದ ಆ ಹಿಮದ ಬೆಟ್ಟ. ಮದುವೆಯಾದ ಹೊಸದು. ಅಂಟು ಹಚ್ಚುವ ಕೆಲಸದವನು ಎಂದು ಹುಡುಗಿ ಮೂಗು ಮುರಿಯದಿರಲಿ, ಗಂಡನ ಕೈಕಸಬು ಎಂಥದೆಂದು ಕಣ್ಣಾರೆ ನೋಡಲಿ ಎಂದು ನನಗೆ ಹುಮ್ಮಸ್ಸು. ಆ ದಿನದ ಅಂಟಿಗೆ ಮೆಂತ್ಯದ ಹಿಟ್ಟು ಹಾಕಿದ್ದೆ, ಬಡಗಿಯವನಿಂದ ಮರದ ಅಂಟು ತಂದು ಕರಗಿಸಿ ಸೇರಿಸಿದ್ದೆ. ಒಂದು ಸುಕ್ಕು ಬೀಳದ ಹಾಗೆ, ಒಂದು ಗುಳ್ಳೆ ಏಳದ ಹಾಗೆ ಅಂಗೈಯಿಂದ ತಟ್ಟಿ ತಟ್ಟಿ ಕೂರಿಸಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಇನ್ನೊಂದನ್ನು ಹಚ್ಚಿಲ್ಲ. ನನ್ನ ಹೆಂಡತಿಯ ಸಮುದ್ರದ ಮೇಲೆ ನಾನೇ ಹಾಕಿದ ಬೀಗ ಅದು, ಜಂಬಕ್ಕೆ ಹಾಕಿದ್ದು. ಯಾರಿಗೆ ಹೇಳಲಿ? ಆ ರಾತ್ರಿ ಅನ್ನ ಸೇರಲಿಲ್ಲ.

ಮೂವತ್ತೊಂದನೇ ತಾರೀಕು ಮಧ್ಯಾಹ್ನ ಎರಡಕ್ಕೆ ಹಿಮದ ಬೆಟ್ಟ ಹೊರಬಂತು. ನಾಲ್ಕು ಹಾಳೆ: ಮೇಲೆರಡು, ಕೆಳಗೆರಡು. ಆಕಾಶಕ್ಕೆ ಮೂರು ಶಿಖರ ಚಾಚಿದ ಬೆಟ್ಟ, ಅದರ ತಪ್ಪಲಿನಲ್ಲಿ ಕಡುಹಸಿರು ಕಾಡು. ಚಾಪೆಯ ಮೇಲಿನವರು ಎದ್ದು ನಿಂತರು. ಇದಾದ ಮೇಲೆ ಸಮುದ್ರ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೋ ಓಡಿಹೋಗಿ ಹೊನ್ನವ್ವನನ್ನು ಕರೆದರು.

ಕೆಳಗಿನ ಎಡ ಹಾಳೆಗೆ ಗೋಣಿ ಇಟ್ಟೆ. ಸಟ್ಟುಗ ತೂರಿಸಿದೆ. ಬಂತು! ಎಣ್ಣೆ ಹಚ್ಚಿದ ಬಾಳೆಲೆಯಿಂದ ಒಬ್ಬಟ್ಟು ಬಿಡುವ ಹಾಗೆ ಬಿಟ್ಟು ಬಂತು. ಬಲ ಹಾಳೆಯೂ ಬಂತು. ಆಗ ತಿಳಿಯಿತು, ಆ ದಿನ ಮೇಲಿನೆರಡು ಹಾಳೆಗೇ ನನ್ನ ಘನವಾದ ಅಂಟು ಮುಗಿದುಹೋಗಿ, ಕೆಳಗಿನವಕ್ಕೆ ಮಾಮೂಲಿ ಮೈದಾ ಹಚ್ಚಿದ್ದೆ. ಹಿಂದಿನಿಂದ ಜನ ಹೋ ಎಂದರು. ತಿರುಗಿ ನೋಡಿದೆ. ಕಾಡು ಇದ್ದ ಜಾಗದಲ್ಲಿ ನೀರು, ಹಳಿಗಳ ಆಚೆಯಿಂದ ಹಿಡಿದು ಕಣ್ಣು ಹೋಗುವಷ್ಟು ದೂರ ನೀಲಿ ನೀರು. ಉಪ್ಪಿನ ವಾಸನೆ ಮುಖಕ್ಕೆ ರಪ್ಪನೆ ಬಡಿಯಿತು. ಇಮಾಮಸಾಬನ ಹೊಲದ ಅಂಚಿನಲ್ಲಿ ಅಲೆ ಬಂದು ಅಕ್ಷರಗಳ ಕಾಲು ತೊಳೆಯುತ್ತಿತ್ತು.

ಮೇಲಿನ ಹಾಳೆಗೆ ಗೋಣಿ ಇಟ್ಟೆ. ಮತ್ತೆ ಇಟ್ಟೆ. ಹತ್ತು ಸಲ ಇಟ್ಟೆ. ಅಂಚೂ ಅಲುಗಲಿಲ್ಲ. ಸಟ್ಟುಗದ ಮೂಲೆಯನ್ನು ಒತ್ತಿ ತೂರಿಸಿದಾಗ ಉಗುರಿನಷ್ಟು ಚೂರು ಎದ್ದು ಬಂತು. ಅದರ ಬೆನ್ನಿಗೆ ನೀಲಿಯೂ ಅದರಡಿಯ ಪದರಗಳೂ ಅಂಟಿಕೊಂಡು ಬಂದಿದ್ದವು. ಆಚೆ ಆಕಾಶದ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಬಿತ್ತು, ಸುಣ್ಣದ ಬಿಳಿ. ಇನ್ನು ಎಳೆದರೆ ಸಮುದ್ರವೇ ಹರಿಯುತ್ತದೆ. ವಾದಿರಾಜರು ಪಕ್ಕಕ್ಕೆ ಬಂದು ನಿಂತು, ಹೆಗಲ ಮೇಲೆ ಕೈಯಿಟ್ಟು, "ಸಾಕು ರುದ್ರಪ್ಪ, ಕೈ ಬಿಡು" ಎಂದರು. ನಾನು ಸಟ್ಟುಗ ಕೆಳಗಿಟ್ಟು, ಒದ್ದೆ ನೆಲದ ಮೇಲೇ ಕೂತು, ಐವತ್ತೇಳು ವರ್ಷದ ಗಂಡಸು, ಊರೆಲ್ಲ ನೋಡುವ ಹಾಗೆ ಅತ್ತುಬಿಟ್ಟೆ.

ತಲೆಯೆತ್ತಿದಾಗ ಹೊನ್ನವ್ವ ಎದುರಿಗಿದ್ದಳು. ಯಾವಾಗ ಬಂದಳೋ ತಿಳಿಯದು. ಜನ ಚಾಪೆ ಸುತ್ತಿಕೊಂಡು ದೂರ ಸರಿದಿದ್ದರು.

"ಅರ್ಧs ಬಂತು," ಎಂದೆ. "ಮ್ಯಾಲಿಂದು ಬರೂದಿಲ್ಲ. ನನ್ನ ಕೈಲೆ ನಾನs ಕೆಡಿಸಿಕೊಂಡೆ. ನೀ ನೋಡಿ ಮೆಚ್ಚಲಿ ಅಂತ ಗಟ್ಟಿ ಅಂಟು ಹಚ್ಚಿದ್ದೆ. ಆವತ್ತs ನಿಂಗ ಖರೇ ಹೇಳಬೇಕಿತ್ತು. ಹೇಳ್ಲಿಲ್ಲ. ತಪ್ಪಾತು ಹೊನ್ನೀ."

ಅವಳು ಸಮುದ್ರದ ಕಡೆ ತಿರುಗಲಿಲ್ಲ. ಗೋಡೆಯ ಹತ್ತಿರ ಹೋಗಿ, ಮುಂಗಾಲ ಮೇಲೆ ನಿಂತು, ಬೆಟ್ಟದ ಮೇಲೆ ಅಂಗೈ ಆಡಿಸಿದಳು. ಎಡದಿಂದ ಬಲಕ್ಕೆ, ಮೇಲಕ್ಕೆ ಕೈ ಎಟುಕುವಷ್ಟು. ಅಂಟಿನ ಕೆಲಸ ಬಲ್ಲವರು ಮಾತ್ರ ಹಾಗೆ ನೋಡುತ್ತಾರೆ.

"ಒಂದs ಒಂದು ಸುಕ್ಕಿಲ್ಲ," ಎಂದಳು. "ಆ ತಿಂಗಳು ನಾ ಇದನ್ನ ನೋಡs ಇಲ್ಲ ನೋಡ್ರಿ. ಇಷ್ಟು ಚಂದ ಹಚ್ಚಿದ್ರೇನು?"

ಹೂಂ ಎಂದೆ.

ಆಮೇಲೆ ಅವಳು ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ, ಕಾಲು ಇಳಿಬಿಟ್ಟು ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಆಚೆ ಹಿಮದ ಬೆಟ್ಟ ಸಮುದ್ರದೊಳಗೇ ನಿಂತಿತ್ತು. ಅಲೆಗಳು ಹೋಗಿ ಅದರ ಸೊಂಟಕ್ಕೆ ಬಡಿದು ಬರುತ್ತಿದ್ದವು. ಯಾವ ಕಂಪನಿಯ ಯಾವ ಚಿತ್ರಗಾರನೂ ಅಂಥದೊಂದನ್ನು ಬರೆದಿರಲಾರ. ಗಾಳಿ ಏಕಕಾಲಕ್ಕೆ ಉಪ್ಪಾಗಿಯೂ ತಣ್ಣಗೂ ಇತ್ತು. ಅವಳು ಬಹಳ ಹೊತ್ತು ನೋಡಿದಳು. ಅವಳ ಕಣ್ಣಿಂದ ನೀರು ಇಳಿಯಿತು, ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಮುಖ ಮಾತ್ರ ಆ ದಿನ ಬಾಗಿಲ ಸಂದಿಯಿಂದ ನಾನು ಕಂಡದ್ದಕ್ಕಿಂತ ಚೆನ್ನಾಗಿತ್ತು.

ದಡದಿಂದ ಸ್ವಲ್ಪ ದೂರದಲ್ಲಿ ಒಂದು ದೋಣಿಯಿತ್ತು. ಅದರ ಒಡಲು ಕೆಳಗಿನ ಹಾಳೆಯಲ್ಲಿ, ಹಾಯಿ ಮೇಲಿನ ಹಾಳೆಯಲ್ಲಿ. ಹಾಗಾಗಿ ಮೊಂಡಾದ ಕಂಬವೊಂದನ್ನು ಹೊತ್ತು ದೋಣಿ ಬೋಳಾಗಿ ನಿಂತಿತ್ತು.

"ಅದರ ಹಾಯಿ ಗುಡ್ಡದ ಕೆಳಗ ಉಳೀತು ನೋಡು," ಎಂದೆ. "ಇನ್ನ ಹೊಳ್ಳಿ ಬರೂದಿಲ್ಲ."

ಹೊನ್ನವ್ವ ದೋಣಿಯನ್ನು ನೋಡಿದಳು, ಬೆಟ್ಟವನ್ನು ನೋಡಿದಳು. ಸೆರಗಿನಿಂದ ನನ್ನ ಕೈಗೆ ಮೆತ್ತಿದ್ದ ಹಳೆಯ ಅಂಟನ್ನು ಒರೆಸುತ್ತ ಹೇಳಿದಳು:

"ಇರ್ಲಿ ಬಿಡ್ರಿ. ಅದೇನು ಇನ್ನ ಎಲ್ಲಿಗೂ ಹೋಗೂದಿಲ್ಲ."